ಅಡಿಯಿಂದ ಎಣಿಸಿದ ನೀರು

ಯಾರ ಮನೆಗೆ ಹೋದರೂ ಕೈಗೆ ಕೊಟ್ಟ ಲೋಟದ ನೀರನ್ನು ನಾನು ಮೊದಲು ಮೂಸಿ ನೋಡುತ್ತೇನೆ. ಇದು ಸಭ್ಯತೆಯಲ್ಲ ಎಂಬುದು ನನಗೂ ಗೊತ್ತಿದೆ, ನೀವು ಹೇಳಬೇಕಾಗಿಲ್ಲ. ಲೋಟ ಮೂಗಿನ ಬಳಿ ಒಂದು ಗಳಿಗೆ ಹೆಚ್ಚಾಗಿಯೇ ನಿಂತದ್ದನ್ನು ಕಂಡು ಮನೆಯೊಡತಿಯ ಮುಖ ಚಿಕ್ಕದಾಗುತ್ತದೆ. "ಫಿಲ್ಟರ್ ನೀರೇ ಕಣ್ರೀ" ಎಂದು ಒಬ್ಬರು ಹೇಳಿದರೆ, "ಈಗ ತಾನೆ ಕಾಯಿಸಿ ಆರಿಸಿದ್ದು" ಎಂದು ಇನ್ನೊಬ್ಬರು ಹೇಳುತ್ತಾರೆ. ಫಿಲ್ಟರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಅನುಮಾನ ಇಮ್ಮಡಿಯಾಗುತ್ತದೆ, ಏಕೆಂದರೆ ಅದರೊಳಗಿನ ಕ್ಯಾಂಡಲನ್ನು ಇವರು ಕಡೆಯ ಸಲ ತೊಳೆದದ್ದು ಯಾವ ಹಬ್ಬಕ್ಕೋ ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ವಿಚಾರಣೆ ಶುರುಮಾಡಿಬಿಡುತ್ತದೆ. ತಂಗಿಯ ಮಗಳ ಮದುವೆಯ ಮಾತುಕತೆಗೆಂದು ಚನ್ನಪಟ್ಟಣಕ್ಕೆ ಹೋಗಿದ್ದಾಗ ನಾನು ಗಂಡಿನ ಮನೆಯ ನೀರನ್ನು ಮೂಸಿದೆ, ಸಾಲದ್ದಕ್ಕೆ ಲೋಟವನ್ನು ಕಿಟಕಿಯ ಬೆಳಕಿಗೂ ಹಿಡಿದೆ. ಮದುವೆಯೇನೋ ನಡೆಯಿತು, ಆದರೆ ಅಂದಿನಿಂದ ಇಂಥ ಕಾರ್ಯಗಳಿಗೆ ನನ್ನನ್ನು ಕರೆಯುವಾಗ ನನ್ನ ತಂಗಿ ಎರಡು ಸಲ ಯೋಚಿಸುತ್ತಾಳೆ.

ಈ ಗುಣ ನನಗೆ ತಾಯಿಯಿಂದ ಬಂದದ್ದು. ನಮ್ಮವ್ವ ಮಾಗಡಿಯ ಕಡೆಯ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದಳು. ರೈತರಿಗೆ ಸಾಕಲು ಕೊಡುವ ರೇಷ್ಮೆಮೊಟ್ಟೆ ತಯಾರಾಗುವುದು ಅಲ್ಲಿಯೇ. ಗೂಡು ಕೊರೆದು ಹೊರಬಂದ ಗಂಡು ಹೆಣ್ಣು ಚಿಟ್ಟೆಗಳನ್ನು ತಟ್ಟೆಯ ಮೇಲೆ ಜೋಡಿ ಮಾಡುತ್ತಾರೆ. ಕೆಲವು ಗಂಟೆಗಳ ನಂತರ ಜೋಡಿ ಬಿಡಿಸಿ ಹೆಣ್ಣನ್ನು ಹಾಳೆಯ ಮೇಲೆ ಮೊಟ್ಟೆಯಿಡಲು ಬಿಡುತ್ತಾರೆ. ಆಮೇಲಿನದು ಅವ್ವನ ಕೆಲಸ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣು ಮುಚ್ಚಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ಅಂಟುವ ಗಂಟುರೋಗದ ಒಂದೇ ಒಂದು ಹೊಳೆಯುವ ಕಣ ಕಂಡರೂ ಆ ತಾಯಿಯ ಮೊಟ್ಟೆಗಳಷ್ಟೂ ಬೆಂಕಿಗೆ. "ಅನ್ಮಾನ ಬಂತಾ, ಸುಡು ಅತ್ಲಾಗೆ. ಒಂದ್ ಚಿಟ್ಟೆ ಮೊಟ್ಟೆ ಉಳ್ಸಕ್ಕೋದ್ರೆ ಊರ್ನೋರ ಹುಳವೆಲ್ಲ ಸಾಯ್ತವೆ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ತಾಯಂದಿರನ್ನು ಶಂಕಿಸಿದ ಹೆಂಗಸು ಮಕ್ಕಳನ್ನು ಸುಮ್ಮನೆ ಬಿಟ್ಟಾಳೆಯೇ? ಹೋಂವರ್ಕ್ ಮುಗಿಯಿತೆಂದು ನಾನು ಹೇಳಿದರೆ ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಬಲಗಣ್ಣು ನನ್ನ ಮೇಲೆ ನೆಡುತ್ತಿತ್ತು. ಆ ನೋಟದ ಅಡಿಯಲ್ಲಿ ನಿಂತವರಿಗೆ ಮಾಡದ ತಪ್ಪೂ ನೆನಪಾಗಬೇಕು.

ದೊಡ್ಡವಳಾಗಿ ನಾನು ಸೇರಿದ್ದು ರಾಮನಗರದಲ್ಲಿ ನೀರು ಪರೀಕ್ಷಿಸುವ ಒಂದು ಪ್ರಯೋಗಾಲಯಕ್ಕೆ. ಸಂಶಯಪಡುವುದಕ್ಕೇ ಸಂಬಳ ಕೊಡುವ ಉದ್ಯೋಗ ಎಷ್ಟು ಮಂದಿಗೆ ಸಿಗುತ್ತದೆ ಹೇಳಿ. ರೇಷ್ಮೆ ನೂಲು ಬಿಚ್ಚುವವರು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಬಂದು, "ದಾರದ ಹೊಳಪು ಹೋಗೈತೆ, ಈ ನೀರ್ನಾಗೆ ಏನೋ ಐತೆ ನೋಡಿ ಮೇಡಂ" ಎನ್ನುತ್ತಿದ್ದರು. ಅವರ ಅನುಮಾನ ಬಹುಮಟ್ಟಿಗೆ ನಿಜವೇ ಆಗಿರುತ್ತಿತ್ತು. ಗೂಡು ಬೇಯಿಸುವ ನೀರಿನಲ್ಲಿ ಕಬ್ಬಿಣದ ಅಂಶ ತುಸು ಹೆಚ್ಚಿದರೂ ನೂಲು ಮಂಕಾಗುತ್ತದೆ. ಹೀಗೆ ಮೂವತ್ತು ವರ್ಷ ಕಳೆದು ನಿವೃತ್ತಳಾದೆ. ಸರ್ಕಾರ ನನ್ನಿಂದ ಬೀಗದ ಕೈ ಇಸಿದುಕೊಂಡಿತೇ ಹೊರತು ಸ್ವಭಾವವನ್ನು ಇಸಿದುಕೊಳ್ಳಲಿಲ್ಲ. ಆದ್ದರಿಂದಲೇ ಇರಬೇಕು, ನಿವೃತ್ತಿಯ ಎರಡನೆಯ ವರ್ಷ ಒಂದು ಜಲಾಶಯದ ವಿಷಯದಲ್ಲಿ ಸಲಹೆ ಕೊಡಲು ಇಲಾಖೆಯವರು ನನ್ನನ್ನು ಕರೆದಾಗ, ಇವರಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂಬುದು ನನ್ನ ಮೊದಲ ಸಂದೇಹವಾಗಿತ್ತು.

ಜಲಾಶಯ ನಮ್ಮ ಜಿಲ್ಲೆಯದೇ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಯಾರಾದರೂ ಫೋನು ಮಾಡುತ್ತಾರೆ. ಅದರ ನೀರು ಸೇದುವ ಗೋಪುರದಲ್ಲಿ ಎರಡು ಬಾಯಿಗಳಿವೆ, ಒಂದು ಮೇಲೆ, ಒಂದು ತಳದ ಹತ್ತಿರ. ಊರಿನ ಕುಡಿಯುವ ನೀರು ಯಾವಾಗಲೂ ಮೇಲಿನ ಬಾಯಿಯಿಂದಲೇ ಹೋಗುತ್ತಿತ್ತು. ಅದರ ಗೇಟು ತುಕ್ಕು ಹಿಡಿದು ರಿಪೇರಿಗೆ ಬಂದಿತ್ತು. ಬೇಸಗೆಯ ಎರಡು ಮೂರು ತಿಂಗಳು ಮೇಲಿನ ಬಾಯಿ ಮುಚ್ಚಿ ಕೆಳಗಿನ ಬಾಯಿಯಿಂದ ನೀರು ಕೊಡಬಹುದೇ? ಪ್ರಶ್ನೆ ಇಷ್ಟೇ. ನೀರು ಒಂದೇ ತಾನೆ, ಮೇಲಿನದಾದರೇನು ಕೆಳಗಿನದಾದರೇನು ಎಂದು ನೀವು ಕೇಳಬಹುದು; ಅಧಿಕಾರಿಗಳೂ ಹಾಗೆಯೇ ಕೇಳಿದ್ದರು.

ಒಂದೇ ಅಲ್ಲ. ನಿಮ್ಮ ಹಿತ್ತಲಿನಲ್ಲಿ ಸಿಮೆಂಟಿನ ತೊಟ್ಟಿಯಿದ್ದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನೀರನ್ನು ಕಲಕದಂತೆ, ತೋಳನ್ನು ಮೆಲ್ಲಗೆ ಇಳಿಬಿಟ್ಟು ನೋಡಿ. ಮೊಣಕೈಗೆ ಬಿಸಿ, ಬೆರಳ ತುದಿಗೆ ತಂಪು. ಕಾದ ನೀರು ಹಗುರ, ಮೇಲೆ ತೇಲುತ್ತದೆ. ತಂಪು ನೀರು ಭಾರ, ಕೆಳಗೆ ಕೂರುತ್ತದೆ. ಆಳವಾದ ಜಲಾಶಯದಲ್ಲಿ ಈ ಎರಡು ನೀರುಗಳು ಬೇಸಗೆಯುದ್ದಕ್ಕೂ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟವರಂತೆ ಇರುತ್ತವೆ. ಮೇಲಿನದಕ್ಕೆ ಗಾಳಿ ಬೆಳಕು ಉಂಟು. ಕೆಳಗಿನದಕ್ಕೆ ಎರಡೂ ಇಲ್ಲ. ತಳದಲ್ಲಿ ಕೊಳೆಯುವ ಎಲೆ ಕಸವೆಲ್ಲ ಅಲ್ಲಿದ್ದಷ್ಟು ಆಮ್ಲಜನಕವನ್ನು ತಿಂದು ಮುಗಿಸುತ್ತದೆ, ಆಮೇಲೆ ಕೆಸರಿನಿಂದ ಕಬ್ಬಿಣ ಬಿಡುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ಮೇಲಿನಿಂದ ನೋಡಿದವರಿಗೆ ಆಕಾಶವನ್ನು ಪ್ರತಿಬಿಂಬಿಸುವ ಪ್ರಶಾಂತ ಸರೋವರ. ಪ್ರಶಾಂತವಾಗಿ ಕಾಣುವ ಯಾವುದನ್ನೂ ನಾನು ನಂಬದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಜಲಾಶಯದಲ್ಲಿ ಹೀಗೆ ಪದರ ಕಟ್ಟುತ್ತದೆಯೋ ಇಲ್ಲವೋ, ಕಟ್ಟಿದರೆ ಎಷ್ಟು ಆಳದಲ್ಲಿ, ಎಷ್ಟು ದಿನ ಎಂಬುದನ್ನು ಹೇಳಲು ನಂದಿನಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟುತ್ತಿದ್ದಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು, ಚುರುಕು, ಮಾತು ಕಡಿಮೆ. ಒಂದು ಮಾದರಿ ಎಂದೆನೇ? ಅಲ್ಲ, ಎರಡು. ಒಂದು ನೀರಿನ ಚಲನೆಯದು: ಬಿಸಿಲು ಎಷ್ಟು, ಗಾಳಿ ಎತ್ತ, ಯಾವ ಪದರ ಏರುತ್ತದೆ, ಯಾವುದು ಇಳಿಯುತ್ತದೆ. ಇನ್ನೊಂದು ನೀರಿನ ಗುಣದ್ದು: ಆಮ್ಲಜನಕ, ಪಾಚಿ, ಕಬ್ಬಿಣ, ಕೊಳೆ. ಇವೆರಡನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಬರೆದದ್ದು. ಇವನ್ನು ಜೋಡಿಸುವುದೇ ಅವಳ ಸಾಹಸ. ಚಿಟ್ಟೆಗಳ ಜೋಡಿ ನೋಡಿ ಬೆಳೆದ ನನಗೆ ಜೋಡಣೆ ಎಂದರೆ ತಟ್ಟೆಯ ಮೇಲೆ ಹತ್ತಿರ ಬಿಟ್ಟರೆ ಆಯಿತು ಎಂಬ ಭಾವನೆಯಿತ್ತು. ಇಲ್ಲಿ ಹಾಗಲ್ಲ. ಚಲನೆಯ ಮಾದರಿ ಗಂಟೆಗೊಮ್ಮೆ ತನ್ನ ಉತ್ತರವನ್ನು ಗುಣದ ಮಾದರಿಗೆ ಹೇಳಬೇಕು. ಅದು ಕೇಳಿಸಿಕೊಂಡು ತನ್ನ ಲೆಕ್ಕ ಮಾಡಿ ಮರಳಿ ಹೇಳಬೇಕು. ಏಕೆಂದರೆ ಪಾಚಿ ಹೆಚ್ಚಾದರೆ ಬಿಸಿಲು ಒಳಗಿಳಿಯುವುದಿಲ್ಲ, ಬಿಸಿಲು ಇಳಿಯದಿದ್ದರೆ ಮೇಲ್ಪದರ ಇನ್ನಷ್ಟು ಕಾಯುತ್ತದೆ, ಆಗ ಚಲನೆಯೇ ಬದಲಾಗುತ್ತದೆ. ಒಂದು ಹೇಳುತ್ತಲೇ ಹೋಗಿ ಇನ್ನೊಂದು ಕೇಳುತ್ತಲೇ ಇರುವ ಒಮ್ಮುಖದ ಜೋಡಣೆ ಸುಲಭವಂತೆ. ಅದರಲ್ಲಿ ತಪ್ಪು ಹೊರಬೀಳುವುದು ತಡವಂತೆ.

"ಇನ್ನೊಂದು ತಮಾಷೆ ಇದೆ ಮೇಡಂ," ಎಂದಳು ಒಂದು ದಿನ. "ಚಲನೆಯ ಮಾದರಿ ಪದರಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತೆ, ಗುಣದ್ದು ತಳದಿಂದ ಮೇಲಕ್ಕೆ. ಒಂದರ ಮೊದಲನೇ ಪದರ ಇನ್ನೊಂದಕ್ಕೆ ಕೊನೇದು. ಗೊತ್ತಾಗದೆ ಎರಡು ವಾರ ಒದ್ದಾಡಿದೆ. ಕೊನೆಗೆ ಮಧ್ಯದಲ್ಲಿ ಒಂದನ್ನ ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೊಡೋಕೆ ಪುಟ್ಟ ಪ್ರೋಗ್ರಾಂ ಬರೆದೆ." ನಾನು ನಕ್ಕೆ. ಎಷ್ಟು ಓದಿದವರು ಬರೆದ ಮಾದರಿಗಳು, ಮೇಲು ಯಾವುದು ಕೆಳಗು ಯಾವುದು ಎಂಬಷ್ಟರಲ್ಲೇ ಒಮ್ಮತವಿಲ್ಲವಲ್ಲ ಎಂದು ಆಡಿಕೊಂಡೆ. ಆ ನಗು ನನಗೆ ಇನ್ನೂ ನೆನಪಿದೆ, ನೆನೆದರೆ ನಾಚಿಕೆಯಾಗುತ್ತದೆ.

ಮಾದರಿ ಎಷ್ಟೇ ಜಾಣತನದ್ದಾದರೂ ನಿಜವಾದ ನೀರಿನ ಅಳತೆಯ ಜೊತೆ ಅದನ್ನು ತಾಳೆ ನೋಡಬೇಕು. ನಂದಿನಿ ತಾನೇ ಹೋಗಿ ಅಳೆದದ್ದು ಒಂದೇ ದಿನ, ಅದೂ ಜನವರಿಯ ಚಳಿಯಲ್ಲಿ. ವರ್ಷವಿಡೀ ಅಳೆದ ದಾಖಲೆಯೆಂದರೆ ಜಲಾಶಯದ ಸಣ್ಣಯ್ಯನ ಪುಸ್ತಕಗಳು. ಸಣ್ಣಯ್ಯ ಅಕ್ಕೂರಿನ ಕಡೆಯವನು. ಗೋಪುರದ ನೀರಿನ ಮಟ್ಟ ನೋಡಿ ಬರೆದಿಡುವುದು ಅವನ ಕೆಲಸ. ಹಿಂದೆ ಯಾರೋ ಒಬ್ಬ ಎಂಜಿನಿಯರು, ವಾರಕ್ಕೊಮ್ಮೆ ಬೇರೆ ಬೇರೆ ಆಳದ ನೀರೆತ್ತಿ ಶಾಖವನ್ನೂ ಬರೆದಿಡು ಎಂದು ಹೇಳಿ ಒಂದು ಉಷ್ಣಮಾಪಕ ಕೊಟ್ಟು ವರ್ಗವಾಗಿ ಹೋಗಿದ್ದರು. ನಿಲ್ಲಿಸು ಎಂದು ಆಮೇಲೆ ಯಾರೂ ಹೇಳಲಿಲ್ಲ, ಇವನೂ ನಿಲ್ಲಿಸಲಿಲ್ಲ. ಹತ್ತೊಂಬತ್ತು ವರ್ಷ. ಅಷ್ಟು ವರ್ಷವೂ ದಿನಗೂಲಿಯ ಮೇಲೇ ಇದ್ದ ಅವನನ್ನು ಕಾಯಂ ಮಾಡುವ ಕಡತ ಆಗಷ್ಟೇ ಮೇಲಿನ ಕಚೇರಿಗೆ ಹೋಗಿತ್ತು. ಪುಸ್ತಕಗಳನ್ನು ನನಗೆ ತಂದುಕೊಟ್ಟ ಕಿರಿಯ ಅಧಿಕಾರಿಯೇ ಇದನ್ನು ಹೇಳಿದ್ದು. "ಪಾಪ, ಈ ಸಲ ಆಗ್ಬಿಡುತ್ತೆ ಮೇಡಂ" ಎಂದು ಕೂಡ ಹೇಳಿದ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಪುಸ್ತಕ ತೆರೆದೆ. ಅಂದವಾದ ಗುಂಡು ಅಕ್ಷರ. ಸಾಲಾಗಿ ಮೂರು ಕಲಮು: ಅಡಿ, ಶಾಖ, ವಾಸನೆ. ನೋಡುತ್ತ ನೋಡುತ್ತ ನನ್ನ ಎಡಗಣ್ಣು ಮುಚ್ಚಿಕೊಂಡಿತು. ಏಪ್ರಿಲ್ ತಿಂಗಳಲ್ಲಿ ಐದಡಿಯ ನೀರು ತಂಪು, ಹದಿನೈದಡಿಯದು ಅದಕ್ಕಿಂತ ಬೆಚ್ಚಗೆ, ನಲವತ್ತೈದಡಿಯದು ಬಿಸಿ! ಆಳಕ್ಕೆ ಹೋದಂತೆ ಕಾಯುವ ನೀರನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ವಾಸನೆಯ ಕಲಮಿನಲ್ಲಿ ಐದಡಿಯ ಎದುರಿಗೆ "ಕೊಳೆತ ಮೊಟ್ಟೆ" ಎಂದಿತ್ತು, ನಲವತ್ತೈದರ ಎದುರಿಗೆ "ಏನಿಲ್ಲ". ನೀರಿನ ಮೇಲ್ಭಾಗದಿಂದ ಬರೀ ಐದಡಿ ಕೆಳಗೆ ಅಂಥ ನಾತವಿದ್ದರೆ ಮೀನು ಹಿಡಿಯುವವರು ಎಂದೋ ಊರು ಬಿಡುತ್ತಿದ್ದರು. ವರ್ಷದಿಂದ ವರ್ಷಕ್ಕೆ, ಬೇಸಗೆ ಬಂತೆಂದರೆ ಅದೇ ಕ್ರಮ, ಅದೇ ತಪ್ಪು, ಒಂದು ವಾರವೂ ಬಿಟ್ಟಿಲ್ಲ. ಇಷ್ಟು ನಿಯತ್ತಾಗಿ ತಪ್ಪಿರುವ ಅಂಕಿಗಳು ಅಳೆದವಲ್ಲ, ಹೆಣೆದವು ಎಂದು ತೀರ್ಮಾನಿಸಿದೆ. ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಬೀಗಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಎಷ್ಟು ಜನರ ಕೈ ದಾಟಿ ಬಂದ ಪುಸ್ತಕಗಳು, ಯಾರಿಗೂ ಕಾಣದ್ದು ನನ್ನ ಕಣ್ಣಿಗೆ ಬಿತ್ತಲ್ಲ!

ಅಂದೇ ಪತ್ರ ಬರೆದೆ. "ಈ ಅಂಕಿಗಳು ಪ್ರಕೃತಿನಿಯಮಕ್ಕೆ ವಿರುದ್ಧವಾಗಿದ್ದು, ಜಲಾಶಯಕ್ಕೆ ಹೋಗದೆ ಮನೆಯಲ್ಲಿ ಕುಳಿತು ಬರೆದಂತೆ ಸ್ಪಷ್ಟವಾಗಿ ತೋರುತ್ತವೆ. ಇವನ್ನು ಬಳಸಬಾರದು. ಬರೆದವರ ಪ್ರಾಮಾಣಿಕತೆಯ ಬಗ್ಗೆ ವಿಚಾರಿಸುವುದು ಒಳ್ಳೆಯದು." ಕಡೆಯ ವಾಕ್ಯ ಬೇಕಾಗಿರಲಿಲ್ಲ. ನೀರಿನ ಬಗ್ಗೆ ಕೇಳಿದವರಿಗೆ ಮನುಷ್ಯನ ಬಗ್ಗೆ ಉತ್ತರ ಕೊಟ್ಟೆ. ನಮ್ಮ ಕಚೇರಿಗಳಲ್ಲಿ ಒಳ್ಳೆಯ ಮಾತು ಬರೆದ ಪತ್ರ ತಿಂಗಳುಗಟ್ಟಲೆ ಮಲಗಿರುತ್ತದೆ, ಕೆಟ್ಟ ಮಾತಿನ ಪತ್ರಕ್ಕೆ ಮಾತ್ರ ಅದೆಲ್ಲಿಂದ ಕಾಲು ಬರುತ್ತದೋ ಕಾಣೆ. ವಾರದೊಳಗೆ ಸಣ್ಣಯ್ಯನ ಕೈಯಲ್ಲಿದ್ದ ಆ ವರ್ಷದ ಪುಸ್ತಕವನ್ನೂ ಕಿತ್ತುಕೊಂಡರು, ಅಳತೆ ನಿಲ್ಲಿಸು ಎಂದರು, ಅವನ ಕಡತವನ್ನು ಪಕ್ಕಕ್ಕಿಟ್ಟರು.

ಇತ್ತ ನಂದಿನಿ ಆ ಪುಸ್ತಕಗಳನ್ನು ಬಿಟ್ಟು, ತಾನು ಅಳೆದ ಆ ಒಂದು ದಿನಕ್ಕೇ ಮಾದರಿಯನ್ನು ಹೊಂದಿಸಿದಳು. ಜನವರಿಯ ಚಳಿಗೆ ಮೇಲಿನ ನೀರೂ ತಂಪಾಗಿ ಕೆಳಕ್ಕಿಳಿದು ಎಲ್ಲ ಒಂದಾಗಿರುತ್ತದೆ. ಅದನ್ನೇ ಕಲಿತ ಮಾದರಿ, ಈ ಜಲಾಶಯದ ನೀರು ವರ್ಷವಿಡೀ ಕಲೆತೇ ಇರುತ್ತದೆ, ಕೆಳಗಿನ ಬಾಯಿ ಧಾರಾಳವಾಗಿ ತೆರೆಯಿರಿ ಎಂದಿತು. ಪರದೆಯ ಮೇಲೆ ತಳದಿಂದ ಮೇಲಿನವರೆಗೆ ಒಂದೇ ನೀಲಿ. ಅಧಿಕಾರಿಗಳಿಗೆ ಬಹಳ ಹಿಡಿಸಿತು. ನನಗೆ ಹಿಡಿಸಲಿಲ್ಲ. ಎಲ್ಲರಿಗೂ ಅನುಕೂಲವಾಗುವ ಉತ್ತರವನ್ನು ಇಷ್ಟು ಬೇಗ ಕೊಡುವ ಯಂತ್ರವನ್ನು ನಾನು ಹೇಗೆ ನಂಬಲಿ? "ನನಗೂ ಪೂರ್ತಿ ಸಮಾಧಾನ ಇಲ್ಲ ಮೇಡಂ, ಆದ್ರೆ ತಾಳೆ ನೋಡೋಕೆ ಬೇರೆ ಅಳತೆ ಎಲ್ಲಿದೆ?" ಎಂದು ನಂದಿನಿಯೂ ಒಪ್ಪಿಕೊಂಡಳು. ನನ್ನ ಮೂಗಿಗಿಂತ ದೊಡ್ಡ ಸಾಕ್ಷಿ ಬೇಡವೆಂದು, ಏಪ್ರಿಲ್‌ನ ಒಂದು ಸೋಮವಾರ ನಾನೇ ಹೊರಟೆ. ಮೈಸೂರು ರಸ್ತೆಯ ಬಸ್ಸಿನಲ್ಲಿ ಕೆಂಗಲ್ ಆಂಜನೇಯನಿಗೆ ಕಿಟಕಿಯಿಂದಲೇ ಕೈಮುಗಿದು, ಮುಂದೆ ಇಳಿದು ಆಟೋ ಹಿಡಿದೆ. ಆಟೋದವನು ಸುತ್ತುದಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದಾನೆಂದು ದಾರಿಯುದ್ದಕ್ಕೂ ಅನುಮಾನಿಸಿದೆ. ಆ ಊರಿಗೆ ಇರುವುದು ಅದೊಂದೇ ದಾರಿಯೆಂದು ಬರುವಾಗ ತಿಳಿಯಿತು.

ನೀರಿನಂಚಿನಲ್ಲಿ ಒಬ್ಬ ಮನುಷ್ಯ ತೆಪ್ಪದೊಳಗೆ ಹಗ್ಗದ ಸುರುಳಿ ಇಡುತ್ತಿದ್ದ. ಐವತ್ತು ದಾಟಿದ ವಯಸ್ಸು, ಮಾಸಿದ ಖಾಕಿ ಅಂಗಿ, ಹೆಗಲ ಮೇಲೆ ಟವೆಲು. ನೀರು ಪರೀಕ್ಷೆಯವಳು, ಒಂದು ಬಾಟಲಿ ತಳದ ನೀರು ಬೇಕು ಎಂದೆ. ಹೆಸರು ಹೇಳಲಿಲ್ಲ. ತಾನು ಸಣ್ಣಯ್ಯ ಎಂದು ಅವನೇ ಹೇಳಿಕೊಂಡ. ಆಟೋ ಇನ್ನೂ ಅಲ್ಲೇ ಇದೆಯೇ ಎಂದು ತಿರುಗಿ ನೋಡಿದೆ. ಆದರೂ ನಾಲಿಗೆ ತನ್ನ ಅಭ್ಯಾಸ ಬಿಡಲಿಲ್ಲ.

"ಅಳತೆ ನಿಲ್ಲಿಸಿ ಅಂತ ಹೇಳಿದ್ದಾರಂತಲ್ಲ ಸಣ್ಣಯ್ಯ?"

"ಹೇಳವ್ರೆ ಅಮ್ಮಾವ್ರೆ. ಪುಸ್ತ್ಕಾನೂ ಈಸ್ಕಂಡೋಗವ್ರೆ. ಸೋಮ್ವಾರ ಬಂತು ಅಂದ್ರೆ ಕಾಲು ಸುಮ್ಕಿರಕಿಲ್ಲ, ಬಂದ್ಬುಡ್ತೀನಿ. ಬರ್ದಿಡಕ್ಕೇನು, ಹಳೆ ಕ್ಯಾಲೆಂಡರ್ ಹಿಂದ್ಗಡೆ ಐತಲ್ಲ."

"ಯಾಕಂತೆ ನಿಲ್ಲಿಸಿದ್ದು?"

"ಯಾರೋ ರಾಮ್ನಗ್ರದ ಮೇಡಮ್ನೋರು, ನಾನು ಮನೇಲಿ ಕೂತ್ಕಂಡು ಬರ್ದಿವ್ನಿ ಅಂತ ಕಾಗ್ದ ಹಾಕವ್ರಂತೆ. ತಿಳ್ದೋರು, ಏನು ಕಂಡ್ರೋ ಏನೋ. ಹುಷಾರಾಗಿ ಕೂತ್ಕಳಿ, ತೆಪ್ಪ ವಾಲ್ತದೆ."

ನಾನು ಹುಷಾರಾಗಿ ಕೂತೆ. ಗೋಪುರದ ಹತ್ತಿರ ತೆಪ್ಪ ನಿಲ್ಲಿಸಿ ಅವನು ಕಬ್ಬಿಣದ ತುಂಡು ಕಟ್ಟಿದ ಬಾಟಲಿಯನ್ನು ಇಳಿಬಿಟ್ಟ. ಅದರ ಬಿರಡೆಗೆ ಬೇರೆಯದೇ ಒಂದು ದಾರ. ಹಗ್ಗದುದ್ದಕ್ಕೂ ಗಂಟುಗಳು, ಐದಡಿಗೊಂದು. ಗಂಟುಗಳು ಒಂದೊಂದಾಗಿ ನೀರಿಗಿಳಿದು ಮಾಯವಾದವು; ಅವನು ಒಂದನ್ನೂ ಎಣಿಸಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಕೊನೆಗೆ ಹಗ್ಗ ಸಡಿಲವಾಯಿತು. "ತಳ ಮುಟ್ತು" ಎಂದ. ಆಮೇಲೆ ಹಗ್ಗವನ್ನು ಸ್ವಲ್ಪ ಮೇಲೆಳೆದು, ಒಂದೇ ಒಂದು ಗಂಟು ಬೆರಳ ನಡುವೆ ಹಾದುಹೋಗಲು ಬಿಟ್ಟು, ನಿಲ್ಲಿಸಿ, "ಇದು ಐದಡಿ" ಎಂದು ಬಿರಡೆಯ ದಾರ ಜಗ್ಗಿದ.

"ಇದು ಹೇಗೆ ಐದಡಿ ಆಗುತ್ತೆ ಸಣ್ಣಯ್ಯ? ಅಷ್ಟೂ ಹಗ್ಗ ನೀರೊಳಗಿದೆಯಲ್ಲ!"

ಅವನು ನನ್ನನ್ನು ಕನಿಕರದಿಂದ ನೋಡಿದ. "ಅಡಿಯಿಂದ ಐದಡಿ ಕಣಮ್ಮಾವ್ರೆ. ಮೇಲಿನ್ ನೀರು ಇವತ್ತಿದ್ದಂಗೆ ನಾಳೆ ಇದ್ದದಾ? ಗೇಟು ಒಸಿ ಎತ್ತುದ್ರೆ ಇಳೀತದೆ, ಮಳೆ ಬಂದ್ರೆ ಏರ್ತದೆ. ಅಡಿ ಎಲ್ಗೋಯ್ತದೆ? ಅದ್ಕೇ ಅಡಿಯಿಂದ್ಲೇ ಎಣ್ಸದು. ಅಲ್ನೋಡಿ, ಗೋಪುರದ ಮ್ಯಾಲೆ ಸರ್ಕಾರ್ದೋರೇ ಬರ್ದಿರೋ ನಂಬ್ರಾನೂ ಕೆಳಗಿಂದ್ಲೇ ಅಲ್ವಾ?"

ನೋಡಿದೆ. ಗೋಪುರದ ಗೋಡೆಯ ಮೇಲೆ ಬಳಿದಿದ್ದ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗಿದ್ದವು. ಅವನು ಬಾಟಲಿ ಎತ್ತಿ ನನ್ನ ಕೈಗೆ ಕೊಟ್ಟ. ಗಾಜು ತಣ್ಣಗಿತ್ತು. ಮೂಗಿನವರೆಗೂ ತರಬೇಕಾಗಲಿಲ್ಲ, ಅರ್ಧ ದಾರಿಯಲ್ಲೇ ಕೊಳೆತ ಮೊಟ್ಟೆಯ ನಾತ ಬಡಿಯಿತು. ಮತ್ತೆ ಬಾಟಲಿ ಬಿಟ್ಟು, ತಳದಿಂದ ಒಂಬತ್ತು ಗಂಟು ಮೇಲೆತ್ತಿ ತೆಗೆದ ನೀರು ಬೆಚ್ಚಗಿತ್ತು, ಯಾವ ವಾಸನೆಯೂ ಇರಲಿಲ್ಲ. ಐದಡಿ, ತಂಪು, ಕೊಳೆತ ಮೊಟ್ಟೆ. ನಲವತ್ತೈದಡಿ, ಬಿಸಿ, ಏನಿಲ್ಲ. ಹತ್ತೊಂಬತ್ತು ವರ್ಷದ ಪ್ರತಿಯೊಂದು ಸಾಲೂ ನಿಜವಾಗಿತ್ತು.

ಅಡಿ ಎಂಬ ನಮ್ಮ ಈ ಪದದ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಳೆಯುವುದೂ ಅಡಿ, ತಳವೂ ಅಡಿ, ನಡೆಯುವ ಪಾದವೂ ಅಡಿ. ನಾನು ಅಳತೆಯ ಅಡಿಯನ್ನು ಓದಿದೆ, ಅವನು ತಳದ ಅಡಿಯನ್ನು ಬರೆದಿದ್ದ. ಎರಡು ಮಾದರಿಗಳು ಒಂದು ಮೇಲಿನಿಂದ, ಒಂದು ಕೆಳಗಿನಿಂದ ಎಣಿಸುತ್ತವೆಂದು ನಂದಿನಿ ಹೇಳಿದಾಗ ನಕ್ಕವಳು ನಾನೇ ಅಲ್ಲವೇ? ಯಂತ್ರಕ್ಕೆ ತನ್ನದೇ ಆದ ಎಣಿಕೆ ಇರಬಹುದೆಂದು ಒಪ್ಪಿಕೊಂಡ ನನಗೆ ಮನುಷ್ಯನಿಗೂ ಒಂದು ಎಣಿಕೆ ಇರಬಹುದೆಂದು ಹೊಳೆಯಲಿಲ್ಲ. ಅವನ ಅಂಕಿಗಳು ನನ್ನ ಬಳಿಗೆ ಬಂದವು, ನನ್ನದೊಂದು ಪ್ರಶ್ನೆ ಅವನ ಬಳಿಗೆ ಹೋಗಲಿಲ್ಲ. ನನ್ನ ಸಂಶಯ ಹೆಚ್ಚಾಯಿತೆಂದು ನೀವು ಬಯ್ಯಬಹುದು. ನನಗನಿಸುವುದು ಬೇರೆ: ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಂಶಯಿಸಿದವಳು ಒಬ್ಬಳನ್ನು ಮಾತ್ರ ಬಿಟ್ಟೆ, ಆ ಒಬ್ಬಳು ಪುಸ್ತಕ ಓದುತ್ತಿದ್ದವಳು. ಅವ್ವ ಕೂಡ ಗಾಜಿನ ಮೇಲೆ ಏನಾದರೂ ಕಂಡರೆ ಮೊದಲು ತನ್ನ ಸೂಕ್ಷ್ಮದರ್ಶಕದ ಮಸೂರವನ್ನೇ ಒರೆಸಿ ಇನ್ನೊಮ್ಮೆ ನೋಡುತ್ತಿದ್ದಳು. ಅದನ್ನು ನಾನು ಕಲಿಯಲಿಲ್ಲ.

ಆ ದಿನ ತೆಪ್ಪದಲ್ಲಿ ನಾನು ಯಾರೆಂದು ಹೇಳುವ ಧೈರ್ಯ ಬರಲಿಲ್ಲ. ಬಾಟಲಿ ಹಿಡಿದುಕೊಂಡು ಬಸ್ಸು ಹತ್ತಿದೆ. ಪುಸ್ತಕಗಳನ್ನು ನಂದಿನಿಗೆ ತಲುಪಿಸಿ ವಿಷಯ ಹೇಳಿದೆ. ಅವಳು ಹತ್ತೊಂಬತ್ತು ವರ್ಷವನ್ನೂ ಅಡಿಮೇಲು ಮಾಡಿ ಮಾದರಿಗೆ ಉಣಿಸಿದಳು. ಈ ಸಲ ಪರದೆಯ ಮೇಲೆ ಬೇಸಗೆಯ ಜಲಾಶಯ ಎರಡಾಗಿ ಒಡೆಯಿತು, ಕೆಳಗಿನ ಬಾಯಿ ಇರುವಲ್ಲಿ ಆಮ್ಲಜನಕವೇ ಇರಲಿಲ್ಲ. ಎರಡು ಮಾದರಿಗಳೂ ಸಣ್ಣಯ್ಯನ ಜೊತೆ ಒಂದೇ ಮಾತು ಹೇಳಿದವು. ಕೆಳಗಿನ ಬಾಯಿ ತೆರೆಯುವ ಯೋಚನೆ ಬಿಟ್ಟು, ರಿಪೇರಿ ಮುಗಿಯುವವರೆಗೆ ತೇಲುವ ಪಂಪಿನಿಂದ ಮೇಲಿನ ನೀರನ್ನೇ ಸೇದಿ ಊರಿಗೆ ಕೊಟ್ಟರು. ವರದಿಯಲ್ಲಿ ಮಾದರಿಯ ಹೊಗಳಿಕೆ ಎರಡು ಪುಟವಿತ್ತು. ಸಣ್ಣಯ್ಯನ ಹೆಸರು ಸೇರಿಸಲೇಬೇಕೆಂದು ನಂದಿನಿ ಹಟ ಹಿಡಿದು ಒಂದು ಸಾಲು ಸೇರಿಸಿದಳು.

ನಾನು ಎರಡನೆಯ ಪತ್ರ ಬರೆದೆ. ಮೊದಲನೆಯದರ ಎರಡರಷ್ಟು ಉದ್ದ. ತಪ್ಪು ಓದಿದವಳು ನಾನು, ಈ ದಾಖಲೆಗೆ ಬೆಲೆ ಕಟ್ಟಲಾಗದು, ಇವರ ಕಡತವನ್ನು ಕೂಡಲೇ ಕೈಗೆತ್ತಿಕೊಳ್ಳಬೇಕು ಎಂದೆಲ್ಲ ಬರೆದೆ. ಆ ಪತ್ರಕ್ಕೆ ಕಾಲು ಬರಲಿಲ್ಲ. ನಾನೇ ನಾಲ್ಕು ಸಲ ಕಚೇರಿಗೆ ಹೋಗಿ ಮೇಜಿನಿಂದ ಮೇಜಿಗೆ ಅದನ್ನು ನಡೆಸಿದೆ. ಅದು ಮುಟ್ಟಬೇಕಾದವರನ್ನು ಮುಟ್ಟುವ ಹೊತ್ತಿಗೆ ಕಾಯಂ ಆದವರ ಪಟ್ಟಿ ಹೊರಬಿದ್ದಾಗಿತ್ತು, ಅದರಲ್ಲಿ ಸಣ್ಣಯ್ಯನ ಹೆಸರಿರಲಿಲ್ಲ. "ಮುಂದಿನ ಪಟ್ಟಿಗೆ ಸೇರಿಸೋಣ ಬಿಡಿ ಮೇಡಂ" ಎಂದರು. ಮುಂದಿನದು ಯಾವಾಗ ಎಂದರೆ ಫ್ಯಾನಿನ ಕಡೆ ನೋಡಿದರು.

ಎರಡೂ ಪತ್ರಗಳ ನಕಲನ್ನು ಚೀಲದಲ್ಲಿಟ್ಟುಕೊಂಡು ಮತ್ತೊಂದು ಸೋಮವಾರ ಅವನ ಬಳಿಗೆ ಹೋದೆ. ಅಳತೆಯ ಕೆಲಸ ಮರಳಿ ಸಿಕ್ಕಿತ್ತು, ಪುಸ್ತಕವೂ ಮರಳಿ ಬಂದಿತ್ತು. ಕ್ಯಾಲೆಂಡರಿನ ಹಿಂದೆ ಬರೆದಿದ್ದ ಅಂಕಿಗಳನ್ನು ಪುಸ್ತಕಕ್ಕೆ ಇಳಿಸುತ್ತ ಏರಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು, ಕಾಗದ ಹಾಕಿದ ಮೇಡಂ ನಾನೇ ಎಂದೆ. ಅವನು ಬರೆಯುತ್ತಿದ್ದ ಅಂಕಿಯನ್ನು ಮುಗಿಸಿ ತಲೆಯೆತ್ತಿದ. ಆಶ್ಚರ್ಯಪಟ್ಟಂತೆ ಕಾಣಲಿಲ್ಲ, ಮೊದಲ ದಿನವೇ ಅವನಿಗೆ ತಿಳಿದಿತ್ತೋ ಏನೋ ಎಂದು ಈಗಲೂ ನನಗೊಂದು ಅನುಮಾನ. ಪಟ್ಟಿಯ ವಿಷಯ ಹೇಳಿದೆ. "ಗೊತ್ತಾಯ್ತು" ಎಂದ. ಎರಡನೆಯ ಪತ್ರ ತೆಗೆದು ಪೂರ್ತಿಯಾಗಿ ಓದಿ ಹೇಳಿದೆ. ಅವನು ಕೈಕಟ್ಟಿಕೊಂಡು ಕೇಳಿದ.

"ಚೆನ್ನಾಗಿ ಬರ್ದಿದ್ದೀರಿ," ಎಂದ. "ಮೊದಲ್ನೇದೂ ಐತಾ? ಅದ್ನೂ ಒಸಿ ಓದ್ಬುಡಿ. ನನ್ ಮ್ಯಾಲೆ ಏನ್ ಬರ್ದಿತ್ತು ಅಂತ ಯಾರೂ ಸರ್ಯಾಗಿ ಯೋಳ್ನಿಲ್ಲ."

ಬೇಡ ಸಣ್ಣಯ್ಯ ಎಂದೆ. ಓದಿ ಎಂದ. ಓದಿದೆ. ಬರೆಯುವಾಗ ಅಷ್ಟು ಸರಾಗವಾಗಿ ಬಂದಿದ್ದ ಮಾತುಗಳನ್ನು ಅವನ ಎದುರಿಗೆ ಒಂದೊಂದಾಗಿ ಬಿಡಿಸಿ ಓದಬೇಕಾಯಿತು. ಮನೆಯಲ್ಲಿ ಕುಳಿತು ಬರೆದಂತೆ ಸ್ಪಷ್ಟವಾಗಿ ತೋರುತ್ತವೆ, ಎಂಬಲ್ಲಿಗೆ ಬಂದಾಗ ಅವನು ಕೈ ಎತ್ತಿ ನಿಲ್ಲಿಸಿದ. ಕೋಪವಿರಲಿಲ್ಲ. ದಡ್ಡ ಮಗುವಿಗೆ ಲೆಕ್ಕ ಬಿಡಿಸಿ ತೋರಿಸುವವನಂತೆ ಸಮಾಧಾನವಾಗಿ ಹೇಳಿದ:

"ಅಲ್ಲಮ್ಮಾವ್ರೆ, ಮನೇಲಿ ಕೂತ್ಕಂಡು ಸುಳ್ಳು ಬರೆಯೋನು ನಿಮ್ಗೆ ಸರಿ ಕಾಣೋ ಹಂಗೆ ಬರೀತಿರ್ಲಿಲ್ವಾ?"